ಎಲ್ಲಿ ನೆಟ್ಟರೂ ಬದುಕುವ ಮರವನ್ನು ಎಲ್ಲಿ ನೆಡುವುದು?

ಕೆಂಪು ಮೇಪಲ್ ಕೊಳ್ಳುವವರು ಅದನ್ನು ಮೊದಲು ಮಾರ್ಚ್ ತಿಂಗಳಲ್ಲಿ ನೋಡಬೇಕು ಎಂಬುದು ನನ್ನ ವಾದ. ಇಲ್ಲಿ ನ್ಯೂಜೆರ್ಸಿಯಲ್ಲಿ ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಕ್ಟೋಬರ್ ಬಂತೆಂದರೆ ನರ್ಸರಿಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕುಂಡಗಳಲ್ಲಿ ಸಾಲಾಗಿ ನಿಂತ ಸಸಿಗಳು ಕೆಂಪಾಗಿ ಉರಿಯುತ್ತಿರುತ್ತವೆ, ಕೊಳ್ಳುವವರ ಕಣ್ಣು ಅದರಾಚೆಗೆ ಹೋಗುವುದಿಲ್ಲ. ಹೆಚ್ಚೆಂದರೆ ಎರಡು ವಾರ ಉಳಿಯುವ ಬಣ್ಣವನ್ನು ಕಂಡು, ಎಂಬತ್ತು ನೂರು ವರ್ಷ ಬದುಕಬಲ್ಲ ಮರವೊಂದನ್ನು ಮನೆಗೆ ತರುತ್ತಾರೆ. ಮದುವೆಮನೆಯ ಅಲಂಕಾರ ನೋಡಿ ಸಂಬಂಧ ಕುದುರಿಸಿದ ಹಾಗೆ.

ಮಾರ್ಚ್‌ನಲ್ಲಿ ಇಲ್ಲಿ ನೆಲ ಇನ್ನೂ ತಣ್ಣಗಿರುತ್ತದೆ, ಓಕ್ ಮರಗಳು ಬೋಳಾಗಿ ನಿಂತಿರುತ್ತವೆ. ಆಗ ಈ ಮರ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಹೂವು ಒಂದೊಂದಾಗಿ ನೋಡಿದರೆ ಏನೂ ಅಲ್ಲ, ತೀರಾ ಸಣ್ಣದು. ಆದರೆ ಬೂದು ಬಣ್ಣದ ರೆಂಬೆಗಳ ಮೇಲೆ ಸಾವಿರಾರು ಗೊಂಚಲುಗಳು ಒಟ್ಟಿಗೆ ಬಿರಿದಾಗ ಮರದ ನೆತ್ತಿಯೆಲ್ಲ ಕೆಂಪೇರುತ್ತದೆ. ಚಳಿಗಾಲವಿಡೀ ಗೂಡಿನಲ್ಲಿ ಕೂಡಿಟ್ಟದ್ದನ್ನೇ ತಿಂದು ಬದುಕಿದ ಜೇನುಹುಳುಗಳಿಗೆ ವರ್ಷದ ಮೊದಲ ಒಳ್ಳೆಯ ಮೇವು ಇದು. ಸ್ವಲ್ಪ ಬಿಸಿಲಿರುವ ಮಧ್ಯಾಹ್ನ ಮರದ ಕೆಳಗೆ ನಿಂತರೆ ಗುಂಯ್‌ಗುಡುವುದು ಕೇಳಿಸುತ್ತದೆ. ಮೇ ತಿಂಗಳಲ್ಲಿ ಜೋಡಿ ರೆಕ್ಕೆಯ ಬೀಜಗಳು ಕೆಂಪಾಗಿ ತೂಗುತ್ತವೆ. ಬೇಸಿಗೆಯಲ್ಲಿ ಎಲೆ ಹಸಿರು, ಕೆಳಮೈ ಬೆಳ್ಳಿಯಂತೆ ಮಾಸಲು ಬಿಳಿ, ತೊಟ್ಟು ಮಾತ್ರ ಕೆಂಪು. ಎಲೆ ಉದುರಿದ ಮೇಲೂ ಎಳೆ ಕಡ್ಡಿ ಮತ್ತು ಮೊಗ್ಗುಗಳಲ್ಲಿ ಕೆಂಪು ಉಳಿದಿರುತ್ತದೆ. ಹನ್ನೆರಡು ತಿಂಗಳಲ್ಲಿ ಈ ಮರದ ಮೇಲೆ ಎಲ್ಲೂ ಕೆಂಪು ಕಾಣದ ತಿಂಗಳಿಲ್ಲ. ಹುಡುಕುವ ಕಣ್ಣು ಬೇಕು, ಅಷ್ಟೆ.

ಬೇಸಿಗೆಯಲ್ಲಿ ಮನೆಗೆ ಬಂದವರೊಬ್ಬರು, "ಕೆಂಪು ಮೇಪಲ್ ಎಂದಿರಿ, ಇದು ಹಸಿರಾಗಿದೆಯಲ್ಲ?" ಎಂದು ಕೇಳಿದ್ದುಂಟು. ಅವರ ಮನಸ್ಸಿನಲ್ಲಿದ್ದದ್ದು ಬೇರೆ ಮರ. ವಸಂತದಿಂದ ಶರತ್ಕಾಲದವರೆಗೂ ಕಡುಗೆಂಪು ಎಲೆ ಹೊತ್ತು ನಿಲ್ಲುವುದು ನಾರ್ವೆ ಮೇಪಲ್‌ನ 'ಕ್ರಿಮ್ಸನ್ ಕಿಂಗ್' ಎಂಬ ತಳಿ. ನಾರ್ವೆ ಮೇಪಲ್ ಯೂರೋಪಿನಿಂದ ಬಂದು ಇಲ್ಲಿನ ಕಾಡಿಗೆ ನುಗ್ಗಿದ ಮರ. ಅದರ ದಟ್ಟ ನೆರಳಿನಲ್ಲಿ ಸ್ಥಳೀಯ ಗಿಡಗಳು ಏಳುವುದೇ ಇಲ್ಲ. ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್ ರಾಜ್ಯಗಳು ಅದರ ಮಾರಾಟವನ್ನೇ ನಿಷೇಧಿಸಿವೆ. ಗುರುತಿಸುವುದು ಸುಲಭ: ಎಲೆಯ ತೊಟ್ಟು ಮುರಿದಾಗ ಹಾಲು ಜಿನುಗಿದರೆ ನಾರ್ವೆ ಮೇಪಲ್. ಕೆಂಪು ಮೇಪಲ್‌ನಲ್ಲಿ ಹಾಲಿಲ್ಲ, ಎಲೆಯ ಅಂಚಿನಲ್ಲಿ ಗರಗಸದ ಹಲ್ಲುಗಳಿವೆ. ಕೆನಡಾದ ಬಾವುಟದಲ್ಲಿರುವಂಥ, ಅಂಚು ನಯವಾದ ಎಲೆ ಸಕ್ಕರೆ ಮೇಪಲ್‌ನದು. ಸಕ್ಕರೆ ಮೇಪಲ್‌ನ ರಸದ ಹಾಗೆ ಕೆಂಪು ಮೇಪಲ್‌ನ ರಸದಿಂದಲೂ ಸಿಹಿ ಪಾಕ ಕಾಯಿಸಬಹುದು, ಆದರೆ ಸಿಹಿ ಕಡಿಮೆ. ಮೊಗ್ಗು ಬೇಗ ಒಡೆಯುವುದರಿಂದ ರಸದ ರುಚಿಯೂ ಬೇಗ ಕೆಡುತ್ತದೆ.

ಈ ಮರದ ಸ್ವಭಾವ ಗೊತ್ತಾಗಬೇಕಾದರೆ ನಕ್ಷೆ ನೋಡಬೇಕು. ಉತ್ತರದಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಿಂದ ದಕ್ಷಿಣದಲ್ಲಿ ಫ್ಲೋರಿಡಾದವರೆಗೆ, ಪಶ್ಚಿಮಕ್ಕೆ ಮಿನೆಸೋಟಾ ಮತ್ತು ಟೆಕ್ಸಸ್‌ನ ಪೂರ್ವ ಭಾಗದವರೆಗೆ ಇದು ತಾನಾಗಿ ಬೆಳೆಯುತ್ತದೆ. ರೋಡ್ ಐಲ್ಯಾಂಡ್‌ಗೆ ಇದೇ ರಾಜ್ಯವೃಕ್ಷ. ಜೌಗಿನಲ್ಲಿ ನೀರು ನಿಂತರೂ ಸರಿ, ಗುಡ್ಡದ ನೆತ್ತಿಯ ಒಣ ಕಲ್ಲುನೆಲವಾದರೂ ಸರಿ. ಒದ್ದೆ ನೆಲದಲ್ಲಿ ಸಸಿ ತಾಯಿಬೇರನ್ನು ಗಿಡ್ಡವಾಗಿಟ್ಟು ಪಕ್ಕದ ಬೇರುಗಳನ್ನು ಹರಡುತ್ತದೆ. ಒಣ ನೆಲದಲ್ಲಿ ತಾಯಿಬೇರನ್ನೇ ಆಳಕ್ಕೆ ಇಳಿಸುತ್ತದೆ. ಬೀಜವೂ ಅಷ್ಟೇ ಚುರುಕು. ಬಹಳ ಮರಗಳ ಬೀಜ ಒಂದು ಚಳಿಗಾಲ ಮಣ್ಣಿನಲ್ಲಿ ಮಲಗಿದ್ದು ಮೊಳೆಯುತ್ತದೆ. ಇದರದು ವಸಂತದ ಕೊನೆಗೆ ಉದುರಿ, ಹೆಚ್ಚಿನ ಪಾಲು ಅದೇ ಬೇಸಿಗೆಯಲ್ಲಿ ಮೊಳಕೆಯೊಡೆಯುತ್ತದೆ. ನಮ್ಮ ಸೂರಿನಂಚಿನ ನೀರುದೋಣಿಯಲ್ಲಿ ಕೊಳೆತ ಎಲೆಯ ಮೇಲೆ ಪ್ರತಿ ಜೂನ್‌ನಲ್ಲೂ ಒಂದು ಪುಟ್ಟ ನರ್ಸರಿ ಏಳುತ್ತದೆ. ಏಣಿ ಹತ್ತಿ ಕಿತ್ತು ಹಾಕುವ ಕೆಲಸ ನನ್ನದು.

ಕಾಡಿನಲ್ಲಿ ಈ ಚುರುಕು ಈಗ ಚಿಂತೆಯ ವಿಷಯವಾಗಿದೆ. ಹಿಂದೆ ಪೂರ್ವ ಅಮೆರಿಕದ ಓಕ್ ಕಾಡುಗಳಿಗೆ ಆಗಾಗ ನೆಲದ ಬೆಂಕಿ ಬೀಳುತ್ತಿತ್ತು. ದಪ್ಪ ತೊಗಟೆಯ ಓಕ್ ತಡೆದುಕೊಳ್ಳುತ್ತಿತ್ತು, ತೆಳು ತೊಗಟೆಯ ಮೇಪಲ್ ಸಸಿಗಳು ಸುಟ್ಟುಹೋಗುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಬೆಂಕಿಯನ್ನು ಕಟ್ಟುನಿಟ್ಟಾಗಿ ನಂದಿಸತೊಡಗಿದ ಮೇಲೆ ಜೌಗಿನಂಚಿನಲ್ಲಿದ್ದ ಮೇಪಲ್ ಗುಡ್ಡ ಹತ್ತಿತು. ನೆರಳಿನಲ್ಲೂ ಬೆಳೆಯುವ ಶಕ್ತಿ ಅದಕ್ಕಿದೆ, ಓಕ್ ಸಸಿಗೆ ಅಷ್ಟಿಲ್ಲ. ಯಾವ ಒಂದು ಗುಣದಲ್ಲೂ ಮೊದಲಿಗನಲ್ಲದ ಮರ ಎಲ್ಲರನ್ನೂ ಹಿಂದಿಕ್ಕುತ್ತಿರುವುದನ್ನು ಅರಣ್ಯ ವಿಜ್ಞಾನಿ ಮಾರ್ಕ್ ಅಬ್ರಾಮ್ಸ್ 1998ರಲ್ಲೇ ಒಂದು ವಿರೋಧಾಭಾಸವೆಂದು ಕರೆದಿದ್ದರು. ನನಗೆ ಅದರಲ್ಲಿ ಅಂಥ ಒಗಟೇನೂ ಕಾಣುವುದಿಲ್ಲ. ಎಲ್ಲ ಕಡೆ ಸುಮಾರಾಗಿ ಬದುಕಬಲ್ಲವನು, ಒಂದೇ ಕಡೆ ಚೆನ್ನಾಗಿ ಬದುಕಬಲ್ಲವನನ್ನು ಮೀರಿಸುವುದು ಮನುಷ್ಯರಲ್ಲೂ ಇದೆ.

ಊರಿನೊಳಕ್ಕೆ ಇದು ಬಂದ ಬಗೆ ಬೇರೆ. ಅಮೆರಿಕದ ಬೀದಿಗಳಿಗೆ ಒಂದು ಕಾಲದಲ್ಲಿ ನೆರಳು ಕೊಟ್ಟದ್ದು ಎಲ್ಮ್. 1930ರಲ್ಲಿ ಕಾಣಿಸಿಕೊಂಡ ಡಚ್ ಎಲ್ಮ್ ರೋಗ ಮುಂದಿನ ದಶಕಗಳಲ್ಲಿ ಆ ಸಾಲುಗಳನ್ನು ತೊಡೆದುಹಾಕಿತು. ತೆರವಾದ ಜಾಗಕ್ಕೆ ಆಶ್ ಬಂತು, ಮೇಪಲ್ ಬಂತು. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಪಚ್ಚೆ ಬಣ್ಣದ ಕೊರಕ ಹುಳು ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿತು. ಅಲ್ಲಿಯೂ ಹಲವೆಡೆ ಮತ್ತೆ ಮೇಪಲ್ಲೇ ನೆಟ್ಟರು. ಬೇಗ ಬೆಳೆಯುತ್ತದೆ, ತಕರಾರು ಮಾಡುವುದಿಲ್ಲ, ಜನರಿಗೆ ಇಷ್ಟ. ಪಾಲಿಕೆಗೆ ಇನ್ನೇನು ಬೇಕು?

ಆದರೆ ನರ್ಸರಿಯಲ್ಲಿ ಸಿಗುವುದು ಕಾಡಿನ ಮೇಪಲ್ ಅಲ್ಲ. ಕಾಡಿನಲ್ಲಿ ಒಂದು ಮರ ರಕ್ತಗೆಂಪಾದರೆ ಪಕ್ಕದ್ದು ಬರೀ ಹಳದಿಯಾಗಬಹುದು. ಒಂದು ಗಂಡು, ಒಂದು ಹೆಣ್ಣು, ಇನ್ನೊಂದರಲ್ಲಿ ಎರಡೂ ಬಗೆಯ ಹೂ. ಕೊಳ್ಳುವವರಿಗೆ ಕೆಂಪಿನ ಖಾತರಿ ಬೇಕು, ಹಾಗಾಗಿ ಮಾರುಕಟ್ಟೆಯಲ್ಲಿರುವುದು ಒಂದೇ ಮರದ ಲಕ್ಷಾಂತರ ಪ್ರತಿಗಳು. 'ಅಕ್ಟೋಬರ್ ಗ್ಲೋರಿ' ನಮ್ಮ ನ್ಯೂಜೆರ್ಸಿಯದೇ ತಳಿ, ಪ್ರಿನ್ಸ್‌ಟನ್ ನರ್ಸರೀಸ್ 1961ರಲ್ಲಿ ಹೊರತಂದದ್ದು. 'ರೆಡ್ ಸನ್‌ಸೆಟ್' 1966ರಲ್ಲಿ ಆರೆಗಾನ್‌ನಿಂದ ಬಂತು. ಎರಡರ ನಡುವೆ ಆರಿಸಬೇಕಾದವರು ಬಣ್ಣಕ್ಕಿಂತ ಹೆಚ್ಚಾಗಿ ಹವೆಯನ್ನು ನೋಡಬೇಕು. ಅಕ್ಟೋಬರ್ ಗ್ಲೋರಿ ತಡವಾಗಿ ಕೆಂಪಾಗುತ್ತದೆ, ಬೇಗ ಹಿಮ ಬೀಳುವ ಉತ್ತರದ ಊರುಗಳಲ್ಲಿ ಬಣ್ಣ ಏರುವ ಮೊದಲೇ ಎಲೆ ಸುಟ್ಟುಹೋಗುತ್ತದೆ. ಅಲ್ಲಿಗೆ ರೆಡ್ ಸನ್‌ಸೆಟ್ ವಾಸಿ. ಬೀಜದ ಕಾಟ ಬೇಡವೆಂದರೆ 'ಬ್ರಾಂಡಿವೈನ್' ಗಂಡು ಮರ, ವಾಷಿಂಗ್ಟನ್‌ನ ರಾಷ್ಟ್ರೀಯ ವೃಕ್ಷೋದ್ಯಾನ ಬೆಳೆಸಿದ ತಳಿ. ಎಲ್ಲೆಲ್ಲೂ ಮಾರುವ 'ಆಟಮ್ ಬ್ಲೇಜ್' ಪೂರ್ತಿ ಕೆಂಪು ಮೇಪಲ್ ಅಲ್ಲ, ಬೆಳ್ಳಿ ಮೇಪಲ್ ಜೊತೆಗಿನ ಮಿಶ್ರತಳಿ. ಅದೇ ವೃಕ್ಷೋದ್ಯಾನದ ಆಲಿವರ್ ಫ್ರೀಮನ್ 1930ರ ದಶಕದಲ್ಲಿ ಇಂಥ ಸಂಕರಣ ಮಾಡಿದ್ದರಿಂದ ಈ ಗುಂಪಿಗೆ ಅವರ ಹೆಸರಿದೆ. ವರ್ಷಕ್ಕೆ ಮೂರು ಅಡಿ ಏರುವ ಮರ ಯಾರಿಗೆ ಬೇಡ? ಬೆಳ್ಳಿ ಮೇಪಲ್‌ನ ಮೆದು ಕೊಂಬೆಗಳ ಗುಣವೂ ಜೊತೆಗೇ ಬರುತ್ತದೆ ಎಂಬುದು ಮೊದಲ ದೊಡ್ಡ ಬಿರುಗಾಳಿಗೆ ತಿಳಿಯುತ್ತದೆ.

ತಳಿಗಳ ಮಾತು ಬಂದಾಗ ಒಂದು ಹಳೆಯ ಪಾಠ ನೆನಪಾಗುತ್ತದೆ. ಆರಂಭದಲ್ಲಿ ಈ ತಳಿಗಳನ್ನು ಬೀಜದಿಂದ ಎದ್ದ ಸಸಿಗಳ ಮೇಲೆ ಕಸಿ ಕಟ್ಟಿ ಮಾರುತ್ತಿದ್ದರು. ಕೆಲವು ವರ್ಷ ಚೆನ್ನಾಗಿಯೇ ಬೆಳೆದ ಮರ ಒಂದು ದಿನ ಕಸಿಯ ಗಂಟಿನಲ್ಲೇ ಸೋತು ಮುರಿಯುತ್ತಿತ್ತು. ಬೇರಿನ ಗಿಡಕ್ಕೂ ಮೇಲಿನ ಗಿಡಕ್ಕೂ ಹೊಂದಿಕೆಯಾಗದಿರುವುದು ತಡವಾಗಿ ಬಯಲಾಗುವ ರೋಗ. ಈಗ ಒಳ್ಳೆಯ ನರ್ಸರಿಗಳು ಎಳೆ ಕಡ್ಡಿಗೆ ಬೇರು ಬರಿಸಿಯೋ ಅಂಗಾಂಶ ಕೃಷಿಯಿಂದಲೋ ಸಸಿ ಮಾಡುತ್ತವೆ. ಕೊಳ್ಳುವಾಗ, "ಇದು ಸ್ವಂತ ಬೇರಿನ ಗಿಡವೇ?" ಎಂದು ಕೇಳಿ. ಉತ್ತರ ಗೊತ್ತಿರುವವರ ಹತ್ತಿರವೇ ಕೊಳ್ಳಿ.

ಇನ್ನು ನೆಡುವ ವಿಷಯ. ಹೊಲದಿಂದ ಬೇರಿನ ಮಣ್ಣುಗಡ್ಡೆಯ ಸಮೇತ ಅಗೆದು ತಂದ ಕೆಂಪು ಮೇಪಲ್‌ಗೆ ವಸಂತವೇ ಒಳ್ಳೆಯ ಕಾಲ, ಶರತ್ಕಾಲದಲ್ಲಿ ಅಗೆದರೆ ಚೇತರಿಸಿಕೊಳ್ಳುವುದು ಕಷ್ಟ. ಕುಂಡದ ಗಿಡಕ್ಕೆ ಎರಡೂ ಕಾಲ ಆಗುತ್ತದೆ, ಆದರೆ ಅದಕ್ಕೆ ತನ್ನದೇ ರೋಗವಿದೆ. ಕುಂಡದ ಗೋಡೆಗೆ ತಾಗಿದ ಬೇರು ಸುತ್ತು ಹಾಕುತ್ತದೆ, ನೆಲಕ್ಕೆ ಇಳಿಸಿದ ಮೇಲೂ ಆ ಸುತ್ತು ಬಿಡುವುದಿಲ್ಲ. ಹತ್ತು ಹದಿನೈದು ವರ್ಷದ ನಂತರ ಕಾಂಡ ದಪ್ಪವಾಗಿ, ಬೇರೂ ದಪ್ಪವಾಗಿ, ಮರ ತನ್ನ ಕುತ್ತಿಗೆಯನ್ನು ತಾನೇ ಬಿಗಿದುಕೊಳ್ಳುತ್ತದೆ. ಮೇಪಲ್ ಜಾತಿಗೆ ಈ ಚಾಳಿ ಹೆಚ್ಚು. ಅದಕ್ಕೇ ಕುಂಡದಿಂದ ತೆಗೆದ ಬೇರುಗಡ್ಡೆಯ ಹೊರಸುತ್ತನ್ನು ಗರಗಸದಿಂದ ನಿರ್ದಾಕ್ಷಿಣ್ಯವಾಗಿ ಕೊಯ್ದುಬಿಡಬೇಕು. ಹಣ ಕೊಟ್ಟು ತಂದ ಗಿಡದ ಬೇರು ಕೊಯ್ಯಲು ಮನಸ್ಸು ಬರುವುದಿಲ್ಲ ಎಂದು ನನಗೂ ಗೊತ್ತು.

ಎರಡನೆಯದು ಆಳ. ಕಾಂಡ ಬೇರಾಗಿ ಅಗಲವಾಗುವ ಜಾಗವೊಂದಿದೆ, ಅದು ನೆಲದ ಮಟ್ಟದಲ್ಲಿ ಅಥವಾ ತುಸು ಮೇಲೆ ಕಾಣಬೇಕು. ನರ್ಸರಿಯ ಕುಂಡದಲ್ಲೇ ಅದು ಎಷ್ಟೋ ಸಲ ಮಣ್ಣಿನಡಿ ಹೂತುಹೋಗಿರುತ್ತದೆ. ಮೇಲಿನ ಮಣ್ಣು ಕೆರೆದು ಅದನ್ನು ಹುಡುಕಿದ ಮೇಲೆಯೇ ಗುಂಡಿಯ ಆಳ ಲೆಕ್ಕ ಹಾಕಬೇಕು. ಗುಂಡಿ ಬೇರುಗಡ್ಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಗಡ್ಡೆಗಿಂತ ಹೆಚ್ಚು ಬೇಡ. ಅಗೆಯುವ ಮುನ್ನ 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳನ್ನು ಗುರುತು ಹಾಕಿ ಹೋಗುತ್ತಾರೆ, ಇದಕ್ಕೆ ಮನೆಯವರು ದುಡ್ಡು ಕೊಡಬೇಕಿಲ್ಲ. ನೆಟ್ಟ ಮೇಲೆ ಮರದ ಚಕ್ಕೆಗಳ ಹೊದಿಕೆ ಎರಡು ಮೂರು ಇಂಚು ಸಾಕು, ಕಾಂಡಕ್ಕೆ ತಾಗಬಾರದು. ಇಲ್ಲಿನ ತೋಟದ ಗುತ್ತಿಗೆದಾರರು ಬುಡದ ಸುತ್ತ ಗೋಪುರ ಕಟ್ಟುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ಕಾರು ನಿಲ್ಲಿಸಿ ಕೆರೆದುಹಾಕಬೇಕು ಎನಿಸುತ್ತದೆ. ಒದ್ದೆ ಚಕ್ಕೆಯ ರಾಶಿಯೊಳಗೆ ತೊಗಟೆ ಕೊಳೆಯುತ್ತದೆ, ಹೊಸ ಬೇರುಗಳು ಆ ರಾಶಿಯಲ್ಲೇ ಹುಟ್ಟಿ ಕಾಂಡವನ್ನು ಸುತ್ತುತ್ತವೆ. ಕೊಂದವರು ಯಾರು ಎಂದು ಗೊತ್ತಾಗುವ ಹೊತ್ತಿಗೆ ಗುತ್ತಿಗೆದಾರರು ಬದಲಾಗಿರುತ್ತಾರೆ.

ತೊಗಟೆಯ ವಿಷಯದಲ್ಲಿ ಈ ಮರ ಬಹಳ ನಾಜೂಕು. ಎಳೆ ಕಾಂಡಕ್ಕೆ ಹುಲ್ಲು ಕತ್ತರಿಸುವ ಯಂತ್ರ ಒಮ್ಮೆ ತಗುಲಿದರೂ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಚಳಿಗಾಲದಲ್ಲಿ ನೈಋತ್ಯದ ಬಿಸಿಲು ಕಾಂಡವನ್ನು ಮಧ್ಯಾಹ್ನ ಕಾಯಿಸಿ, ರಾತ್ರಿ ತಟ್ಟನೆ ಹೆಪ್ಪುಗಟ್ಟಿದಾಗ ಉದ್ದಕ್ಕೆ ಸೀಳು ಬೀಳುತ್ತದೆ. ಶರತ್ಕಾಲದಲ್ಲಿ ಗಂಡು ಜಿಂಕೆಗಳು ಕೊಂಬು ತಿಕ್ಕಲು ಇಂಥ ನಯವಾದ ಎಳೆ ಕಾಂಡಗಳನ್ನೇ ಆರಿಸಿಕೊಳ್ಳುತ್ತವೆ. ಯಂತ್ರಕ್ಕೂ ಜಿಂಕೆಗೂ ಸೇರಿ ಒಂದು ತಂತಿಬಲೆ ಮತ್ತು ಬುಡದ ಸುತ್ತ ಹುಲ್ಲಿಲ್ಲದ ಅಗಲವಾದ ಪಾತಿ ಸಾಕು, ಬಿಸಿಲಿಗೆ ಮಾತ್ರ ಚಳಿಗಾಲದಲ್ಲಿ ಕಾಂಡಕ್ಕೆ ಬಿಳಿಯ ಸುತ್ತುಪಟ್ಟಿ ಬೇಕು.

ಕೊಂಬೆ ಕತ್ತರಿಸುವುದನ್ನು ಜನ ಬೇಗ ಮರೆಯುತ್ತಾರೆ. ಅದರ ಪಾಡಿಗೆ ಬಿಟ್ಟರೆ ಕೆಂಪು ಮೇಪಲ್ ಎರಡು ಮೂರು ಸಮಾನ ಕಾಂಡಗಳನ್ನು ಇಕ್ಕಟ್ಟಿನ ಕವಲಿನಲ್ಲಿ ಎಬ್ಬಿಸುತ್ತದೆ. ಕವಲಿನ ನಡುವೆ ತೊಗಟೆ ಸಿಕ್ಕಿಕೊಂಡು ಕಟ್ಟಿಗೆ ಕೂಡಿಕೊಳ್ಳುವುದಿಲ್ಲ. ನೋಡಲು ಒಂದೇ ಮರ, ಒಳಗೆ ಸೀಳಿದ ಮರ. ಮೊದಲ ಹತ್ತು ಹದಿನೈದು ವರ್ಷ, ಎರಡು ಮೂರು ವರ್ಷಕ್ಕೊಮ್ಮೆ ಪ್ರತಿಸ್ಪರ್ಧಿ ಕೊಂಬೆಯನ್ನು ಗಿಡ್ಡ ಮಾಡುತ್ತ ಒಂದೇ ನಾಯಕನನ್ನು ಉಳಿಸಿದರೆ ಮುಂದೆ ದುಬಾರಿ ಕೆಲಸವಿರುವುದಿಲ್ಲ. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ರಸ ಸೋರುತ್ತದೆ. ನೋಡಿ ಗಾಬರಿಯಾಗುತ್ತದೆಯೇ ಹೊರತು ಮರಕ್ಕೆ ಅದರಿಂದ ತೊಂದರೆಯಿಲ್ಲ. ಗಾಯಕ್ಕೆ ಬಣ್ಣ ಬಳಿಯುವುದು ಬೇಡ.

ಎಲ್ಲೆಡೆ ಬದುಕುವ ಈ ಮರಕ್ಕೂ ಒಂದು ಹಟವಿದೆ: ಸುಣ್ಣದ ನೆಲ ಆಗದು. ಮಣ್ಣು ತುಸು ಹುಳಿಯಾಗಿರಬೇಕು. ಕ್ಷಾರ ಹೆಚ್ಚಾದರೆ ಮ್ಯಾಂಗನೀಸ್ ಮಣ್ಣಿನಲ್ಲಿದ್ದೂ ಬೇರಿಗೆ ಸಿಗುವುದಿಲ್ಲ, ನರ ಮಾತ್ರ ಹಸಿರಾಗಿ ಉಳಿದು ಎಲೆಯೆಲ್ಲ ಹಳದಿಯಾಗುತ್ತದೆ. ಕಾಂಕ್ರೀಟಿನ ಚೂರು ಬೆರೆತ ಹೊಸ ಬಡಾವಣೆಯ ನೆಲದಲ್ಲಿ ಇದು ಸಾಮಾನ್ಯ. ಗೊಬ್ಬರ ಸುರಿಯುವ ಬದಲು ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಪೊಟ್ಟಣ ಮಣ್ಣು ಕಳಿಸುವುದು ಜಾಣತನ. ಹುಲ್ಲುಹಾಸಿಗೆ ಪ್ರತಿ ವರ್ಷ ಸುಣ್ಣ ಎರಚುವ ಅಭ್ಯಾಸವಿದ್ದರೆ ಅದನ್ನು ಮರದಿಂದ ದೂರವಿಡಿ.

ಬಿಸಿಯ ಕಥೆ ಇನ್ನೂ ಕುತೂಹಲದ್ದು. ದಕ್ಷಿಣದ ನಗರಗಳಲ್ಲಿ ಕೆಂಪು ಮೇಪಲ್‌ನ ಕೊಂಬೆಗಳ ಮೇಲೆ ತೊಗಟೆಯದೇ ಬಣ್ಣದ ಶಲ್ಕ ಕೀಟಗಳು, ಅಂದರೆ ಚಿಪ್ಪಿನಂತೆ ಅಂಟಿಕೊಂಡು ಮರದ ಸಾರ ಹೀರುವ ಸಣ್ಣ ಹುಳುಗಳು, ಒತ್ತೊತ್ತಾಗಿ ಕೂರುತ್ತವೆ. ಕಾಡಿನ ಮರಗಳಲ್ಲಿ ಅವು ವಿರಳ, ರಸ್ತೆಬದಿಯ ಮರಗಳಲ್ಲಿ ವಿಪರೀತ. ರಾಲಿಯಲ್ಲಿರುವ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಾರಣ ಹುಡುಕಿದಾಗ ಸಿಕ್ಕಿದ್ದು ಡಾಂಬರು. ಸುತ್ತ ಡಾಂಬರು, ಕಾಂಕ್ರೀಟು ಹೆಚ್ಚಿದಷ್ಟೂ ಮರ ಬಿಸಿಯಾಗುತ್ತದೆ, ನೀರಿಗೆ ಬಾಯಾರುತ್ತದೆ, ಕೀಟ ಹೆಚ್ಚು ಮೊಟ್ಟೆಯಿಡುತ್ತದೆ. ಅವರು ಒಂದು ಸರಳ ಉಪಾಯವನ್ನೂ ಕೊಟ್ಟಿದ್ದಾರೆ. ನೆಡಬೇಕೆಂದಿರುವ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿಗೂ ಇಪ್ಪತ್ತೈದು ಇಪ್ಪತ್ತೈದು ಹೆಜ್ಜೆ ಹಾಕಿ, ಗಟ್ಟಿ ನೆಲದ ಮೇಲೆ ಬಿದ್ದ ಹೆಜ್ಜೆಗಳನ್ನು ಎಣಿಸಬೇಕು. ನೂರರಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಅಲ್ಲಿ ಕೆಂಪು ಮೇಪಲ್ ಸುಖವಾಗಿರುತ್ತದೆ. ಮೂರನೆಯ ಎರಡು ಪಾಲು ಮೀರಿದರೆ ಬೇರೆ ಮರ ನೋಡಿಕೊಳ್ಳಿ. ಈ ಲೆಕ್ಕ ಹಾಕಿದರೆ ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದ ಮೇಪಲ್‌ಗಳೆಲ್ಲ ಅನುತ್ತೀರ್ಣ.

ಮನೆಯ ಅಂಗಳದಲ್ಲಿ ಜಾಗ ಆರಿಸುವಾಗ ನಾನು ಮೊದಲು ಕೇಳುವುದು, ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು. ಮಾರ್ಚ್‌ನ ಹೂವನ್ನು ಹೊರಗೆ ಹೋಗಿ ನೋಡುವವರು ಕಡಿಮೆ, ಕಿಟಕಿಯಿಂದಲೇ ಕಾಣಬೇಕು. ಹಿನ್ನೆಲೆ ಕಡುಹಸಿರಾಗಿದ್ದರೆ, ಅಂದರೆ ಬಿಳಿ ಪೈನ್ ಅಥವಾ 'ಹಾಲಿ' ಎಂಬ ನಿತ್ಯಹಸಿರು ಮರ ಇದ್ದರೆ, ಹೂವೂ ಎಲೆಯೂ ಎದ್ದು ಕಾಣುತ್ತವೆ. ಕೆಂಪು ಇಟ್ಟಿಗೆಯ ಗೋಡೆಯ ಮುಂದೆ ನೆಟ್ಟರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮನೆಯ ಪಶ್ಚಿಮ ಅಥವಾ ನೈಋತ್ಯಕ್ಕೆ ಇದ್ದರೆ ಬೇಸಿಗೆಯ ಸಂಜೆಗೆ ನೆರಳು, ಚಳಿಗಾಲಕ್ಕೆ ಬಿಸಿಲು. ಅಕ್ಟೋಬರ್‌ನಲ್ಲಿ ಇಳಿಬಿಸಿಲು ಎಲೆಯ ಹಿಂದಿನಿಂದ ಬರುವುದು ಮೇಲಾಗಿ ಸಿಗುವ ಲಾಭ. ಬಣ್ಣ ಚೆನ್ನಾಗಿ ಏರಲು ಪೂರ್ಣ ಬಿಸಿಲು ಬೇಕು. ಕೆಂಪಿಗೆ ಕಾರಣವಾದ ಆಂಥೋಸಯನಿನ್ ಅನ್ನು ಎಲೆ ಶರತ್ಕಾಲದಲ್ಲಿ ಹೊಸದಾಗಿ ತಯಾರಿಸುತ್ತದೆ, ಬಿಸಿಲ ಹಗಲು ಮತ್ತು ಹೆಪ್ಪುಗಟ್ಟದಷ್ಟು ತಣ್ಣನೆಯ ರಾತ್ರಿ ಸಿಕ್ಕಿದರೆ ಹೆಚ್ಚು. ಅಂಗಳದಲ್ಲಿ ಮರ ನಲವತ್ತರಿಂದ ಅರವತ್ತು ಅಡಿ ಏರುತ್ತದೆ, ಅಗಲವೂ ಅದಕ್ಕೆ ತಕ್ಕಂತೆ. ಬೇರು ಮೇಲ್ಮೈಯಲ್ಲೇ ಹರಿದು ಪಾದಚಾರಿ ಮಾರ್ಗವನ್ನು ಎತ್ತುತ್ತದೆ, ಆದ್ದರಿಂದ ಕಲ್ಲುಹಾಸಿನಿಂದ ಹತ್ತಡಿಯಾದರೂ ದೂರವಿಡಿ. ಅದರಡಿ ಹುಲ್ಲು ಬೆಳೆಸುವ ಜಿದ್ದು ಬೇಡ, ಹುಲ್ಲು ಸೋಲುತ್ತದೆ. ಮೇಲೆ ಎದ್ದ ಬೇರು ಮುಚ್ಚಲು ಮಣ್ಣು ಹೇರಿದರೆ ಮರ ಸೋಲುತ್ತದೆ. ಕ್ರಿಸ್‌ಮಸ್ ಜರೀಗಿಡ, ಪೆನ್ಸಿಲ್ವೇನಿಯಾ ಸೆಡ್ಜ್‌ನಂಥ ಇಲ್ಲಿನದೇ ನೆರಳಿನ ಗಿಡಗಳಿಗೆ ಆ ಜಾಗ ಬಿಟ್ಟುಕೊಡುವುದು ಇಬ್ಬರಿಗೂ ಕ್ಷೇಮ.

ಹತ್ತಿರದಲ್ಲಿ ಕುದುರೆ ಸಾಕುವವರಿದ್ದರೆ ಮಾತ್ರ ಕೆಂಪು ಮೇಪಲ್ ಬೇಡವೇ ಬೇಡ. ಬಾಡಿದ ಇಲ್ಲವೇ ಒಣಗಿದ ಎಲೆಯನ್ನು ತಿಂದ ಕುದುರೆಯ ಕೆಂಪು ರಕ್ತಕಣಗಳು ಒಡೆದು ಅದು ಸಾಯಬಹುದು. ಗಾಳಿಗೆ ಮುರಿದು ಬೇಲಿಯಾಚೆ ಬಿದ್ದ ಒಂದು ಕೊಂಬೆಯೇ ಸಾಕು.

ಪಕ್ಕದ ಬೀದಿಯ ನಮ್ಮ ಪರಿಚಯದವರು ತಮ್ಮ ಮನೆಯ ಕಾರುದಾರಿಯ ಉದ್ದಕ್ಕೂ ಅಕ್ಟೋಬರ್ ಗ್ಲೋರಿಯ ಒಂದು ಸಾಲು ನೆಡಲು ಹೊರಟಿದ್ದರು. ನಾನು ತಡೆದೆ. 1990ರಲ್ಲಿ ರಾಷ್ಟ್ರೀಯ ವೃಕ್ಷೋದ್ಯಾನದ ಫ್ರಾಂಕ್ ಸಾಂಟಮೋರ್ ಕೊಟ್ಟ ಸೂತ್ರವೊಂದಿದೆ: ಊರಿನ ಮರಗಳಲ್ಲಿ ಒಂದೇ ಪ್ರಭೇದ ಶೇಕಡ 10, ಒಂದೇ ಕುಲ 20, ಒಂದೇ ಕುಟುಂಬ 30ನ್ನು ಮೀರಬಾರದು. ಮೇಪಲ್ ಕುಲದ ವಿಷಯದಲ್ಲಿ ಈ ಭಾಗದ ಎಷ್ಟೋ ಬೀದಿಗಳು ಅದನ್ನು ಯಾವತ್ತೋ ದಾಟಿವೆ. ಏಷ್ಯಾದಿಂದ ಮರದ ಪೆಟ್ಟಿಗೆಗಳಲ್ಲಿ ಬಂದ ಉದ್ದ ಮೀಸೆಯ ಕೊರಕ ದುಂಬಿಗೆ ಮೇಪಲ್ ಎಂದರೆ ಪ್ರಾಣ. 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಕಂಡಿತು, 2002ರಲ್ಲಿ ನಮ್ಮ ಜೆರ್ಸಿ ಸಿಟಿಗೂ ಬಂತು. ನ್ಯೂಜೆರ್ಸಿ ಅದರಿಂದ ಮುಕ್ತ ಎಂದು ಘೋಷಣೆಯಾದದ್ದು 2013ರಲ್ಲಿ. 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಪತ್ತೆಯಾದ ಮೇಲೆ ಆ ಪ್ರದೇಶದಲ್ಲಿ ಕಡಿಯಬೇಕಾದ ಮರಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಮೇಪಲ್‌ಗಳೇ ತುಂಬಿದ್ದ ಬೀದಿಗಳು ಬೋಳಾದವು. ಇನ್ನು ಒಂದೇ ತಳಿಯ ಸಾಲೆಂದರೆ ಒಂದೇ ಮರವನ್ನು ಹಲವು ಸಲ ನೆಟ್ಟಂತೆ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ.

ಅವರು ವಾದಿಸಿದರು, ನಾನೂ ವಾದಿಸಿದೆ. ಕೊನೆಗೆ ತಗ್ಗಿನಲ್ಲಿ, ಮಳೆನೀರು ನಿಲ್ಲುವ ಮೂಲೆಗೆ ಒಂದು ಕೆಂಪು ಮೇಪಲ್ ಬಂತು, ಸ್ವಂತ ಬೇರಿನದು. ಅದರಾಚೆಗೆ ಇದಕ್ಕಿಂತ ಮೊದಲೇ ಕೆಂಪಾಗುವ ಬ್ಲ್ಯಾಕ್ ಗಮ್, ಜೌಗು ಬಿಳಿ ಓಕ್, ರಸ್ತೆಯ ಹತ್ತಿರ ಗಿಡ್ಡನೆಯ ಸರ್ವಿಸ್‌ಬೆರಿ. ನಾಲ್ಕೂ ನಾಲ್ಕು ಎತ್ತರ, ನಾಲ್ಕು ಆಕಾರ. ಸಾಲು ಸರಿಯಾಗಿಲ್ಲ ಎಂದು ಅವರ ಹೆಂಡತಿ ಈಗಲೂ ನನ್ನನ್ನೇ ದೂರುತ್ತಾರೆ, ಅದು ನಿಜವೂ ಹೌದು.